ದಿನಕ್ಕೊಂದು ಪದ, ಹತ್ತೇ ನಿಮಿಷ: ಸಾರಿನ ಪುಡಿಯಿಂದ ಶುರು ಮಾಡಿ

ಭಾಷೆ, ಇತಿಹಾಸ ಅಂತ ಆಸೆ ಇರೋರು ಮಾಡೋ ತಪ್ಪನ್ನೇ ನಾನೂ ಮಾಡಿದ್ದೆ, ಇಟ್ಟಿಗೆ ಗಾತ್ರದ ಒಂದು ಪುಸ್ತಕ ತಂದು ಮೊದಲನೇ ಪುಟದಿಂದ ಹಚ್ಕೊಂಡೆ, ಕದಂಬರು ಮುಗಿಯೋದ್ರೊಳಗೆ ನನ್ನ ಉತ್ಸಾಹ ಮುಗೀತು. ಆ ಪುಸ್ತಕ ಈಗ ಕಂಪ್ಯೂಟರ್ ಕೆಳಗೆ ಎತ್ತರಕ್ಕೆ ಇಟ್ಟಿದೀನಿ, ಅಷ್ಟಾದ್ರೂ ಉಪಯೋಗ ಆಯ್ತು. ಆಮೇಲೆ ಹಿಡಿದ ದಾರಿ ಬೇರೆ. ದಿನಕ್ಕೆ ಒಂದೇ ಪದ, ಅದೂ ಆವತ್ತು ನಮ್ಮ ಬಾಯಲ್ಲೇ ಬಂದಿದ್ದು. ಹೇಗೆ ಅಂತ ಹೇಳ್ತೀನಿ.

1. ಪದ ಮನೇಲೇ ಹಿಡೀರಿ

ಒಂದಿನ ಅಮ್ಮ ಸಾರಿನ ಪುಡಿಗೆ ಹುರೀತಿದ್ರು. "ಆ ಮೆಣಸು ಕೊಡೋ" ಅಂದ್ರು, ನಾನು ಒಣಮೆಣಸಿನಕಾಯಿ ಡಬ್ಬ ಕೊಟ್ಟೆ. "ಮೆಣಸು ಕಣೋ, ಮೆಣಸಿನಕಾಯಿ ಅಲ್ಲ" ಅಂತ ಬೈಸ್ಕೊಂಡೆ. ಆಗ ತಲೇಲಿ ಬಂತು, ಒಂದು ಕಪ್ಪು ಕಾಳು, ಇನ್ನೊಂದು ಕೆಂಪು ಕಾಯಿ, ಗಿಡಕ್ಕೂ ಬಳ್ಳಿಗೂ ಸಂಬಂಧ ಇಲ್ಲ, ಹೆಸರು ಮಾತ್ರ ಯಾಕೆ ಒಂದೇ? ಇಂಥ ಪ್ರಶ್ನೆ ಸಿಕ್ಕಿದ್ರೆ ಆವತ್ತಿನ ಪಾಠ ಸಿಕ್ಕಂಗೆ.

2. ನೋಡೋಕೆ ಮುಂಚೆ ಊಹೆ ಮಾಡಿ

ಮೊಬೈಲ್ ತಕ್ಷಣ ತೆಗೀಬೇಡಿ. ಐದು ನಿಮಿಷ ನೀವೇ ಒಂದು ಉತ್ತರ ಹೇಳ್ಕೊಳ್ಳಿ, ತಪ್ಪಾದ್ರೂ ಪರವಾಗಿಲ್ಲ, ತಪ್ಪಿದ ಊಹೆನೇ ಜಾಸ್ತಿ ನೆನಪಿರುತ್ತೆ. ನಾನು ಅಂದ್ಕೊಂಡಿದ್ದು ಖಾರಕ್ಕೆಲ್ಲ ಹಳೇ ಕಾಲದಲ್ಲಿ ಮೆಣಸು ಅಂತಿದ್ರೇನೋ ಅಂತ. ಪೂರ್ತಿ ತಪ್ಪಲ್ಲ, ಆದ್ರೆ ವಿಷಯ ಇನ್ನೂ ಚೆನ್ನಾಗಿದೆ. ಮೆಣಸಿನಕಾಯಿ ನಮ್ಮದೇ ಅಲ್ಲ, ಅಮೆರಿಕ ಖಂಡದ ಬೆಳೆ. 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದ, 1510ರಲ್ಲಿ ಗೋವಾ ಪೋರ್ಚುಗೀಸರ ಕೈಗೆ ಹೋಯ್ತು, ಅವರ ಹಡಗುಗಳ ಜೊತೆನೇ ಈ ಕಾಯಿನೂ ಬಂತು. ನಮ್ಮೋರಿಗೆ ಖಾರ ಅಂದ್ರೆ ಗೊತ್ತಿದ್ದಿದ್ದು ಮೆಣಸು, ಹಾಗಾಗಿ ಹೊಸದಕ್ಕೆ 'ಮೆಣಸಿನ ಕಾಯಿ' ಅಂತ ಹೆಸರಿಟ್ರು. ಅಂದ್ರೆ 1336ರಲ್ಲಿ ವಿಜಯನಗರ ಕಟ್ಟಿದ ಹಕ್ಕ ಬುಕ್ಕರು ಒಂದೇ ಒಂದು ಮೆಣಸಿನಕಾಯಿ ಬಜ್ಜಿನೂ ತಿಂದಿಲ್ಲ, ಪಾಪ.

ಕೊನೆಗೆ ಏನಾಯ್ತು ನೋಡಿ, ಬಂದೋಳೇ ಮನೆ ಯಜಮಾನಿ ಆದ್ಲು. ಎಷ್ಟೋ ಕಡೆ ಬರೀ 'ಮೆಣಸು' ಅಂದ್ರೆ ಮೆಣಸಿನಕಾಯಿ ಅಂತಲೇ ಅರ್ಥ, ಮೂಲದ ಮೆಣಸು 'ಕಾಳುಮೆಣಸು' ಅಂತ, ಕರಾವಳಿ ಮಲೆನಾಡಿನ ಕಡೆ 'ಒಳ್ಳೆಮೆಣಸು' ಅಂತ ಹೆಸರು ಬದಲಾಯಿಸ್ಕೋಬೇಕಾಯ್ತು. ತುಳುವಿನಲ್ಲೂ 'ಎಡ್ಡೆಮುಂಚಿ', ಅದೂ ಒಳ್ಳೆಮೆಣಸೇ.

3. ನಿಘಂಟು ತೆಗೀರಿ, ಆಮೇಲೆ ಪಕ್ಕದ ಮನೆಗೆ ಹೋಗಿ

ಮೊಬೈಲಲ್ಲಿ ಅಲರ್ ಅನ್ನೋ ಆನ್‌ಲೈನ್ ಕನ್ನಡ ನಿಘಂಟು ಸಾಕು. ಸ್ವಲ್ಪ ಹುಚ್ಚು ಹತ್ತಿದ್ಮೇಲೆ 1894ರಲ್ಲಿ ಮಂಗಳೂರಲ್ಲಿ ಅಚ್ಚಾದ ಕಿಟೆಲ್ ನಿಘಂಟು ನೋಡಿ, ಇಂಟರ್ನೆಟ್ಟಲ್ಲಿ ಫ್ರೀಯಾಗಿ ಸಿಗುತ್ತೆ, ತಮಿಳು ತೆಲುಗಿನ ಅಣ್ಣತಮ್ಮ ಪದಗಳನ್ನೂ ಜೊತೆಗೇ ಕೊಟ್ಟಿರ್ತಾನೆ. ಅಕ್ಕಪಕ್ಕದೋರನ್ನ ಕೇಳೋದು ಇನ್ನೂ ಸಲೀಸು. ನಮ್ಮ ಎದುರು ಮನೆಯ ತಮಿಳು ಆಂಟಿನ ಕೇಳಿದ್ರೆ ಮಿಳಗು, ಮಿಳಗಾಯ್ ಅಂದ್ರು, ಅಲ್ಲೂ ಅದೇ ಲೆಕ್ಕ! ಹಾಲಿಗೆ ಅವರು ಪಾಲ್ ಅಂತಾರೆ, ಹುಲಿಗೆ ಪುಲಿ. ಹಳಗನ್ನಡದಲ್ಲಿ ನಾವೂ ಪಾಲ್, ಪುಲಿ ಅಂತಲೇ ಅಂತಿದ್ವಿ, ನಿಧಾನಕ್ಕೆ ನಮ್ಮ ಬಾಯಲ್ಲಿ ಪ ಹೋಗಿ ಹ ಆಯ್ತು. ಇದೊಂದು ತಿಳ್ಕೊಂಡ್ರೆ ನೂರಾರು ಪದ ತಾವಾಗೇ ಬಿಚ್ಕೊಳ್ತವೆ.

4. ಬಸ್ ಬೋರ್ಡು ಓದಿ

ಈ ಪ-ಹ ಕೀಲಿಕೈ ಹಿಡ್ಕೊಂಡು ಊರ ಹೆಸರು ನೋಡಿ. ಹೆಬ್ಬಾಳದ ಫ್ಲೈಓವರಲ್ಲಿ ಮುಕ್ಕಾಲು ಗಂಟೆ ನಿಂತು ಆ ಬೋರ್ಡನ್ನೇ ದಿಟ್ಟಿಸಿದೋರು ಎಷ್ಟು ಜನ ಇಲ್ಲ. ಅಲ್ಲೇ ಸುಮಾರು 750ರ ಕಾಲದ ಒಂದು ವೀರಗಲ್ಲು ಸಿಕ್ಕಿದೆ, ಕಿತ್ತಯ್ಯ ಅನ್ನೋನು ಕಾದಾಡಿ ಸತ್ತ ನೆನಪಿಗೆ ನಿಲ್ಲಿಸಿದ್ದು. ಅದರಲ್ಲಿರೋ ಹೆಸರು ಪೆರ್ಬೊಳಲ್‌ನಾಡು. ಪೆರ್ ಅಂದ್ರೆ ದೊಡ್ಡದು, ಪೊಳಲ್ ಅಂದ್ರೆ ಪಟ್ಟಣ. ಪೆರ್ ಹೋಗಿ ಹೆರ್ ಆಗಿ ಹೆಬ್ ಆಯ್ತು, ಹೆಬ್ಬಾಳ. ಅದೇ ಹೆಬ್ಬೆರಳು, ಹೆಬ್ಬಾಗಿಲು, ಹೆಬ್ಬಾವು, ಹೆದ್ದಾರಿ, ಹೆಮ್ಮರ. ಹನ್ನೆರಡು ಶತಮಾನದ ಹಿಂದೆನೇ 'ದೊಡ್ಡ ಪೇಟೆ' ಅಂತ ಕರೆಸ್ಕೊಂಡಿದ್ದ ಜಾಗ, ಈಗಿನ ಟ್ರಾಫಿಕ್‌ಗೆ ಆಶ್ಚರ್ಯ ಪಡೋ ಹಂಗೇ ಇಲ್ಲ.

ಜಮೀನಿನ ಕಾಗದ ಇದ್ರೆ ಅದನ್ನೂ ಬಿಡಬೇಡಿ. ಜಮೀನು, ದಾಖಲೆ, ರಸೀದಿ, ತಹಶೀಲ್ದಾರ್ ಎಲ್ಲ ಫಾರ್ಸಿ ಅರಬ್ಬಿ ಕಡೆಯಿಂದ ಬಂದಿದ್ದು, ಪಹಣಿ ಮರಾಠಿದು, ಮೂಲ ಅರ್ಥ 'ನೋಡೋದು' ಅಷ್ಟೇ. ಯಾರ್ಯಾರು ಆಳಿದ್ರು ಅನ್ನೋದು ಒಂದೇ ಹಾಳೇಲಿ ಕಾಣುತ್ತೆ.

5. ಚೆಂದದ ಕಥೆ ಕಂಡ್ರೆ ಸ್ವಲ್ಪ ಅನುಮಾನ ಪಡಿ

ವಾಟ್ಸಾಪಲ್ಲಿ ಬರೋ ಪದಮೂಲಗಳಲ್ಲಿ ಮುಕ್ಕಾಲುಪಾಲು ಇಂಥವೇ. ವೀರಬಲ್ಲಾಳ ಹಸಿದು ಬಂದ, ಅಜ್ಜಿ ಬೆಂದ ಕಾಳು ಕೊಟ್ಳು, ಬೆಂದಕಾಳೂರು ಬೆಂಗಳೂರು ಆಯ್ತು, ಎಲ್ಲರಿಗೂ ಗೊತ್ತಿರೋದೇ. ಆದ್ರೆ ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿ ಸುಮಾರು 890ರ ಶಾಸನ ಇದೆ, ಅದರಲ್ಲಿ ಬೆಂಗಳೂರಿನ ಕಾಳೆಗದ ಮಾತು ಬರುತ್ತೆ. ಬಲ್ಲಾಳನ ಕಾಲ ಹನ್ನೆರಡನೇ ಶತಮಾನದ ಕೊನೆ. ಅಂದ್ರೆ ಅಜ್ಜಿ ಒಲೆ ಹಚ್ಚೋಕೆ ಮುನ್ನೂರು ವರ್ಷ ಮುಂಚೆನೇ ಊರಿಗೆ ಹೆಸರಿತ್ತು. ಕಥೆ ಮಕ್ಕಳಿಗೆ ಹೇಳಿ, ಬೇಡ ಅನ್ನಲ್ಲ, ಭಾನುವಾರ ಬೇಗೂರಿಗೂ ಕರ್ಕೊಂಡು ಹೋಗಿ.

6. ಎರಡೇ ಸಾಲು ಬರೀರಿ

ಇನ್ನೂರು ಪುಟದ ಉದ್ದ ನೋಟ್‌ಬುಕ್ ಬೇಡ, ಹಾಲಿನ ಲೆಕ್ಕ ಬರೀತಿದ್ದ ಚಿಕ್ಕ ಪುಸ್ತಕ ಸಾಕು. ಪದ, ಎಲ್ಲಿಂದ ಬಂತು, ಯಾವ ಕಾಲ, ಅಷ್ಟೇ. ಒಂದೊಂದು ದಿನ ತಪ್ಪುತ್ತೆ, ತಪ್ಪಿದ್ದನ್ನ ಮಾರನೇ ದಿನ ಎರಡು ಮಾಡಿ ತುಂಬಿಸೋಕೆ ಹೋಗ್ಬೇಡಿ, ಅಲ್ಲೇ ಬೇಜಾರು ಶುರುವಾಗೋದು. ಗ್ಯಾರಂಟಿ ಇಲ್ಲದ್ದಕ್ಕೆ ಪಕ್ಕದಲ್ಲಿ ಪ್ರಶ್ನೆ ಚಿಹ್ನೆ ಹಾಕಿ. ನನ್ನ ಪುಸ್ತಕದಲ್ಲಿ 'ಮೇಜು' ಹಂಗೇ ಕೂತಿದೆ, ಪೋರ್ಚುಗೀಸಲ್ಲಿ ಮೆಸಾ, ಫಾರ್ಸಿಯಲ್ಲಿ ಮೇಜ್, ಇಬ್ಬರೂ ನಮ್ಮದು ನಮ್ಮದು ಅಂತಿದಾರೆ, ಕಳೆದ ಯುಗಾದಿಯಿಂದ ಪಂಚಾಯ್ತಿ ನಡೀತಾನೇ ಇದೆ.