ಅಮಿಗಾ 1200, ಸಿಎಫ್ ಕಾರ್ಡ್: ದೊಡ್ಡ ಫೈಲ್‌ಗಳು ಮಾತ್ರ ಕೆಡುತ್ತಿದ್ದರೆ

ಹಳೆಯ ಹೋಮ್ ಕಂಪ್ಯೂಟರ್ ಅಮಿಗಾ 1200ರ 44 ಪಿನ್ ಐಡಿಇಗೆ (ಹಾರ್ಡ್ ಡಿಸ್ಕ್ ಜೋಡಿಸುವ ಕನೆಕ್ಟರ್) ಅಡಾಪ್ಟರ್ ಮೂಲಕ 4 ಜಿಬಿ ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡ್ ಹಾಕಿದ್ದೆ. ಅಮಿಗಾದ ಡೆಸ್ಕ್‌ಟಾಪ್ ಆದ ವರ್ಕ್‌ಬೆಂಚ್ ಬೂಟ್ ಆಗುತ್ತದೆ, ಸಣ್ಣ ಫೈಲ್‌ಗಳು ಸರಿ. 128 ಕೆಬಿ ದಾಟಿದ ಆರ್ಕೈವ್ ಬಿಚ್ಚಿದರೆ ಚೆಕ್‌ಸಮ್ (ಫೈಲ್ ಕೆಟ್ಟಿದೆಯೇ ಎಂದು ತಿಳಿಸುವ ಸಂಖ್ಯೆ) ತಪ್ಪು.

ಕೇಬಲ್, ಅಡಾಪ್ಟರ್ ಬದಲಿಸಿದೆ, ಎರಡು ಸಲ ಫಾರ್ಮ್ಯಾಟ್ ಮಾಡಿದೆ. ಉಪಯೋಗವಿಲ್ಲ.

ತಪ್ಪು ಇದ್ದದ್ದು ಮ್ಯಾಕ್ಸ್ ಟ್ರಾನ್ಸ್‌ಫರ್‌ನಲ್ಲಿ, ಅಂದರೆ ಒಂದು ಸಲಕ್ಕೆ ಎಷ್ಟು ಬೈಟ್ ಸಾಗಿಸಬಹುದು ಎಂಬ ಮಿತಿಯಲ್ಲಿ. ಐಡಿಇಯಲ್ಲಿ ಸೆಕ್ಟರ್ (512 ಬೈಟ್‌ನ ತುಂಡು) ಎಣಿಕೆಗೆ ಇರುವುದು 8 ಬಿಟ್. 256 ಸೆಕ್ಟರ್ ಬೇಕೆಂದರೆ ಅಲ್ಲಿ 0 ಬರೆಯಬೇಕು. ಕೆಲವು ಕಾರ್ಡ್‌ಗಳಿಗೆ ಈ 0 ಅರ್ಥವಾಗುವುದಿಲ್ಲ. ಹಾಗಾಗಿ ಒಂದು ಸಲಕ್ಕೆ 255 ಸೆಕ್ಟರ್, ಅಂದರೆ 1,30,560 ಬೈಟ್ ಮೀರದಂತೆ ತಡೆಯಬೇಕು.

ಅಮಿಗಾದಲ್ಲಿ ಡಿಸ್ಕ್ ಸಿದ್ಧಪಡಿಸುವ ಪ್ರೋಗ್ರಾಂ ಎಚ್‌ಡಿಟೂಲ್‌ಬಾಕ್ಸ್ ತೆರೆದು ಪಾರ್ಟಿಷನ್ ಡ್ರೈವ್‌ಗೆ ಹೋಗಿ. ಅಡ್ವಾನ್ಸ್ಡ್ ಆಪ್ಷನ್ಸ್‌ಗೆ ಗುರುತು ಹಾಕಿದ ಮೇಲೆಯೇ ಚೇಂಜ್ ಫೈಲ್ ಸಿಸ್ಟಮ್ ಬಟನ್ ಕಾಣುವುದು, ಅದನ್ನು ಒತ್ತಿ. ಮ್ಯಾಕ್ಸ್ ಟ್ರಾನ್ಸ್‌ಫರ್ ಜಾಗದಲ್ಲಿ ಸೊನ್ನೆ, ಎಕ್ಸ್, ಒಂದು, ಎಫ್, ಇ, ಸೊನ್ನೆ, ಸೊನ್ನೆ (1,30,560ರ ಹೆಕ್ಸಾಡೆಸಿಮಲ್ ರೂಪ) ಎಂದು ನಡುವೆ ಜಾಗ ಬಿಡದೆ ಟೈಪ್ ಮಾಡಿ ರಿಟರ್ನ್ ಒತ್ತಿ. ರಿಟರ್ನ್ ಒತ್ತದೆ ಓಕೆ ಕೊಟ್ಟರೆ ಹಳೆಯ ಸಂಖ್ಯೆಯೇ ಉಳಿದೀತು. ಮತ್ತೆ ತೆರೆದು ನೋಡಿಕೊಳ್ಳಿ. ಪ್ರತಿ ಪಾರ್ಟಿಷನ್‌ಗೂ ಇದೇ ಕೆಲಸ ಬೇರೆಬೇರೆಯಾಗಿ ಮಾಡಬೇಕು. ಕೊನೆಗೆ ಸೇವ್ ಚೇಂಜಸ್ ಟು ಡ್ರೈವ್, ಆಮೇಲೆ ರೀಬೂಟ್.

ಮರು ಫಾರ್ಮ್ಯಾಟ್ ಬೇಕಿಲ್ಲ. ಆದರೆ ಮೊದಲೇ ಕೆಟ್ಟು ಬರೆದುಹೋದ ಫೈಲ್‌ಗಳು ತಾವಾಗಿ ಸರಿಹೋಗವು, ಅವನ್ನು ಮೂಲದಿಂದ ಮತ್ತೆ ನಕಲು ಮಾಡಿ.