ಪಿಸ್ಮೋ ಬೀಚಿಗೆ ಹೋದರೆ ಮಕ್ಕಳ ಬಕೆಟ್ ಮೇಲೆ ಕಣ್ಣಿರಲಿ

ಕ್ಯಾಲಿಫೋರ್ನಿಯಾದ ಪಿಸ್ಮೋ ಬೀಚಿನಲ್ಲಿ ಮಗಳು ಬರೀ ಚಿಪ್ಪು ಅಂತ ಜೀವ ಇರುವ ಕಪ್ಪೆಚಿಪ್ಪು ಆರಿಸಿ ನಮಗೆ ದಂಡ ಬಿದ್ದಿತ್ತು. ಕಳೆದ ತಿಂಗಳು ನಮ್ಮ ಕನ್ನಡ ಬಳಗದ ಇನ್ನೊಂದು ಕುಟುಂಬಕ್ಕೂ ಅದೇ ಆಯಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕ್ಯಾಲಿಫೋರ್ನಿಯಾದಲ್ಲಿ 16 ವರ್ಷ ದಾಟಿದವರು ಮೀನು ಹಿಡಿಯಲು ಲೈಸೆನ್ಸ್ ಬೇಕು ಅನ್ನೋದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಸಣ್ಣ ವಿಷಯಗಳು. ರಾಜ್ಯಕ್ಕೆ ಬಂದು ಸತತ ಆರು ತಿಂಗಳಾಗದಿದ್ದರೆ ನೀವು ಇಲ್ಲಿನ ನಿವಾಸಿ ಅಲ್ಲ, ಲೈಸೆನ್ಸಿಗೆ ಜಾಸ್ತಿ ದುಡ್ಡು. ಹೊಸದಾಗಿ ಬಂದವರಿಗೆ ಒಂದು ದಿನದ ಲೈಸೆನ್ಸ್ ಸಾಕು. ಮೊದಲು ಯಾವಾಗ ಕೊಂಡರೂ ವರ್ಷದ ಲೈಸೆನ್ಸ್ ಡಿಸೆಂಬರ್ 31ಕ್ಕೆ ಮುಗಿಯುತ್ತಿತ್ತು. 2023ರಿಂದ ಕೊಂಡ ದಿನದಿಂದ 365 ದಿನ ನಡೆಯುತ್ತದೆ, ಒಳ್ಳೆಯ ಬದಲಾವಣೆ. ಸಮುದ್ರದ ಸಾರ್ವಜನಿಕ ಪಿಯರ್ (ನೀರಿನೊಳಕ್ಕೆ ಚಾಚಿದ ಕಟ್ಟೆ) ಮೇಲೆ ನಿಂತು ಗಾಳ ಹಾಕಲು ಲೈಸೆನ್ಸೇ ಬೇಡ. ಆದರೆ ಎಷ್ಟು ಮೀನು, ಎಷ್ಟು ಉದ್ದ ಅನ್ನೋ ಲೆಕ್ಕ ಅಲ್ಲೂ ಇದೆ.

ಈಗ ನಮ್ಮ ಕಥೆ. ಫ್ರೀಮಾಂಟ್‌ನಿಂದ ಪಿಸ್ಮೋ ಬೀಚಿಗೆ ಹೋಗಿದ್ದೆವು. ನೀರು ಇಳಿದಿತ್ತು. ಮಗಳು ಮರಳು ಕೆದಕಿ ಬಕೆಟ್ ತುಂಬ ಕಪ್ಪೆಚಿಪ್ಪು ಆರಿಸಿ ತಂದಳು. ನಾನೂ ನೋಡಿದೆ: ನುಣುಪಾದ, ಬೂದು ಬಣ್ಣದ, ಅಂಗೈಯಲ್ಲಿ ಭಾರ ಅನ್ನಿಸುವ ಚಿಪ್ಪುಗಳು. ಆ ಭಾರವನ್ನು ನೋಡಿಯಾದರೂ ನನಗೆ ತಿಳಿಯಬೇಕಿತ್ತು. ಖಾಲಿ ಚಿಪ್ಪು ಹಗುರ ಇರುತ್ತದೆ. ಎರಡು ಹೋಳು ಬಿಗಿಯಾಗಿ ಕಚ್ಚಿಕೊಂಡಿದ್ದರೆ ಒಳಗೆ ಜೀವ ಇದೆ. ಮಂಗಳೂರು ಕಡೆಯವರು ಮರುವಾಯಿ ಅಂತ ಸುಕ್ಕ ಮಾಡ್ತಾರಲ್ಲ, ಅದೇ ಬಗೆಯದು. ಇಲ್ಲಿನದಕ್ಕೆ ಪಿಸ್ಮೋ ಕ್ಲಾಮ್ ಅಂತಾರೆ.

ಪಾರ್ಕಿಂಗ್ ಹತ್ತಿರ, ಮೀನುಗಾರಿಕೆ ನಿಯಮ ನೋಡಿಕೊಳ್ಳುವ ವಾರ್ಡನ್ ಒಬ್ಬರು ಬಕೆಟ್ ಕೇಳಿದರು. ಜೇಬಿನಿಂದ ಅಳತೆಯ ಪಟ್ಟಿ ತೆಗೆದು ಒಂದೊಂದನ್ನೇ ಇಟ್ಟು ನೋಡಿದರು. ಆ ಕಡಲತೀರದಲ್ಲಿ ನಾಲ್ಕೂವರೆ ಇಂಚಿಗಿಂತ ಚಿಕ್ಕದನ್ನು ಇಟ್ಟುಕೊಳ್ಳುವಂತಿಲ್ಲ. ದೊಡ್ಡದಾದರೂ ದಿನಕ್ಕೆ ಒಬ್ಬರಿಗೆ ಹತ್ತೇ. ನಮ್ಮ ಬಕೆಟ್‌ನಲ್ಲಿ ಅಳತೆಗೆ ಬಂದದ್ದು ಒಂದೂ ಇಲ್ಲ. ಮಗುವಿಗೆ ಲೈಸೆನ್ಸ್ ಬೇಡ ನಿಜ, ಆದರೆ ಅಳತೆಯ ನಿಯಮದಿಂದ ಮಗುವಿಗೂ ವಿನಾಯಿತಿ ಇಲ್ಲ. ನಿಯಮ ಮುರಿದ ಚೀಟಿ ನನ್ನ ಹೆಸರಿಗೆ ಬಂತು. ಕೋರ್ಟಿಗೆ ಎರಡು ಸಲ, ಪ್ರತಿ ಸಲ ನಾಲ್ಕು ಗಂಟೆ ಡ್ರೈವ್, ಎರಡು ದಿನದ ರಜೆ, ಮೇಲೆ ದಂಡ.

ದಯವಿಟ್ಟು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಇದೇ ಪಿಸ್ಮೋದಲ್ಲಿ ಮಕ್ಕಳು ಚಿಪ್ಪು ಅಂತ ಆರಿಸಿದ 72 ಕ್ಲಾಮ್‌ಗಳಿಗೆ ಒಬ್ಬ ತಾಯಿಗೆ 88 ಸಾವಿರ ಡಾಲರ್‌ಗೂ ಜಾಸ್ತಿ ದಂಡ ಬಿದ್ದದ್ದು 2024ರಲ್ಲಿ ಸುದ್ದಿಯಾಗಿತ್ತು. ಕೊನೆಗೆ ಜಡ್ಜ್ ಅದನ್ನು 500ಕ್ಕೆ ಇಳಿಸಿದರು. ಎಲ್ಲರಿಗೂ ಹಾಗೆ ಇಳಿಸುತ್ತಾರೆ ಅಂತ ನಂಬಿಕೊಂಡು ಕೂರಬೇಡಿ. ಚಿಕ್ಕದು ಕೈಗೆ ಸಿಕ್ಕರೆ ಅಲ್ಲೇ, ಆಗಲೇ ಮರಳಲ್ಲಿ ಹೂಳಿಬಿಡಿ. ಸುಮ್ನೆ ನೀರಿಗೆ ಎಸೆದರೆ ಆಗಲ್ಲ.

ಆ ಹೊತ್ತಿನಲ್ಲಿ ನನಗೆ ಕೋಪ ಬಂದಿತ್ತು. ಈಗ ಈ ಪದ್ಧತಿಯೇ ಸರಿ ಅನ್ನಿಸುತ್ತದೆ. ಪಿಸ್ಮೋ ಒಂದು ಕಾಲದಲ್ಲಿ ತನ್ನನ್ನು ಜಗತ್ತಿನ ಕ್ಲಾಮ್ ರಾಜಧಾನಿ ಅಂತ ಕರೆದುಕೊಳ್ಳುತ್ತಿತ್ತು. ಬಾಚಿ ಬಾಚಿ ತೆಗೆದು ಖಾಲಿಯಾಯಿತು. ಈಗ ಮರಿಗಳು ಮತ್ತೆ ಕಾಣಿಸುತ್ತಿವೆ, ನಮ್ಮ ಮಕ್ಕಳ ಕೈಗೆ ಸಿಗುವುದೂ ಅವೇ. ನಮ್ಮ ಕರಾವಳಿಯಲ್ಲಿ ಮಳೆಗಾಲಕ್ಕೆ 61 ದಿನ ಯಾಂತ್ರಿಕ ದೋಣಿಗಳನ್ನು ನಿಲ್ಲಿಸುತ್ತೇವೆ, ಅದು ಬೇಕಾದದ್ದೇ. ಆದರೆ ದಡದಲ್ಲಿ ಚಿಪ್ಪು ಬಾಚುವವರ ಕೈಗೂ ಹೀಗೊಂದು ಅಳತೆ ಬರಬೇಕು ಅಂತ ನನ್ನ ಆಸೆ. ಜೊತೆಗೆ, 1950ರ ಕಾನೂನಿನಿಂದಾಗಿ ಇಲ್ಲಿ ಗಾಳ, ರಾಡ್ ಮೇಲಿನ ತೆರಿಗೆ ಮೀನಿನ ಕೆಲಸಕ್ಕೇ ಹೋಗುತ್ತದೆ. ಇದೆಲ್ಲ ಗೊತ್ತಾದ ಮೇಲೆ ಲೈಸೆನ್ಸ್ ಕೊಳ್ಳುವಾಗ ನನಗೆ ಈಗ ಹೊಟ್ಟೆ ಉರಿಯುವುದಿಲ್ಲ.

ಏಡಿ ಇಷ್ಟಪಡುವವರಿಗೆ ಎರಡು ಮಾತು. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಒಳಗೆ ಡಂಜನೆಸ್ ಏಡಿ ಹಿಡಿಯುವಂತೆಯೇ ಇಲ್ಲ. ರಾಕ್ ಏಡಿ ಹಿಡಿಯಬಹುದು. ಎರಡನ್ನೂ ಗುರುತಿಸಲು ಬರದಿದ್ದರೆ ಬಲೆ ಹಾಕಬೇಡಿ. ಸುಲಭದ ಗುರುತು ಕೊಂಡಿಯ ತುದಿ: ರಾಕ್ ಏಡಿಗೆ ಕಪ್ಪು, ಡಂಜನೆಸ್‌ಗೆ ಬಿಳಿ. ಮಾಸ್ ಬೀಚಿನ ಫಿಟ್ಜೆರಾಲ್ಡ್ ಮೀಸಲು ತಾಣಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗುವವರು ಬಕೆಟ್ಟನ್ನು ಕಾರಿನಲ್ಲೇ ಬಿಡಿ. ಅಲ್ಲಿಂದ ಖಾಲಿ ಚಿಪ್ಪನ್ನೂ ತರುವಂತಿಲ್ಲ.