ವರ್ಷ ವರ್ಷವೂ ಬೆಳೆಯುವ ಕೈತೋಟ

ಕೈತೋಟ ಶುರು ಮಾಡುವವರಿಗೆ ನಾನು ಹೇಳುವುದು ಒಂದೇ ಮಾತು: ಮರವಾಗುವ ಗಿಡಗಳ ಜಾಗ ಮೊದಲು ಗೊತ್ತು ಮಾಡಿ. ಬದನೆ, ಬೆಂಡೆ ಸರಿಯಾಗಿ ಬರಲಿಲ್ಲ ಅಂದರೆ ಮುಂದಿನ ಸಲ ಬೇರೆ ಕಡೆ ಹಾಕಬಹುದು. ಬೇರು ಬಿಟ್ಟ ಸೀಬೆ ಮರವನ್ನು ಸರಿಸೋಕೆ ಆಗುತ್ತಾ?

ಹಾಗಾಗಿ ಮೊದಲ ವರ್ಷ ಗಿಡ ತರುವ ಆತುರ ಬೇಡ, ಬಿಸಿಲು ನೋಡಿ. ನೆರಳು ಎಲ್ಲೆಲ್ಲಿ ಬೀಳುತ್ತದೆ ಅಂತ ಹಾಳೆಯಲ್ಲಿ ಗೆರೆ ಹಾಕಿಡಿ. ಚಳಿಗಾಲದಲ್ಲಿ ನೆರಳು ಉದ್ದ, ಆಗ ಇನ್ನೊಮ್ಮೆ ನೋಡಿ. ಮಳೆ ನಿಂತ ಮರುದಿನವೂ ನೀರು ನಿಂತಿರುವ ಜಾಗ ಯಾವುದು? ಅಲ್ಲಿ ನುಗ್ಗೆ, ಕರಿಬೇವು ಬೇಡ, ಬೇರು ಕೊಳೆಯುತ್ತದೆ. ಕಾಬಾಳೆ, ಒಂದೆಲಗ ಚೆನ್ನಾಗಿ ಬರುತ್ತವೆ. ಈ ನಡುವೆ ಒಣ ಎಲೆ, ಕಳಿತ ಗೊಬ್ಬರ ಮಣ್ಣಿನ ಮೇಲೆ ಹರಡುತ್ತಾ ಬನ್ನಿ. ಅಗೆದು ಸೇರಿಸಬೇಕಿಲ್ಲ, ಎರೆಹುಳು ಕೆಳಗೆ ಎಳೆದುಕೊಳ್ಳುತ್ತವೆ.

ನೆಡುವ ದಿನ ಮಾತ್ರ ಅವಸರ ಮಾಡಲೇಬೇಡಿ. ಕುಂಡದಿಂದ ಗಿಡ ತೆಗೆದು ಬೇರನ್ನು ಕೈಯಲ್ಲಿ ಹಿಡಿದು ನೋಡಿ. ಬೇರು ಗೋಡೆಗುಂಟ ಸುತ್ತಿಕೊಂಡಿದ್ದರೆ ಬೆರಳಿನಿಂದ ಬಿಡಿಸಿ, ಬರದಿದ್ದನ್ನು ಕತ್ತರಿಸಿ. ಹಾಗೇ ನೆಟ್ಟರೆ ಆ ಸುತ್ತು ದಪ್ಪವಾಗುತ್ತಾ ಹೋಗಿ ಬುಡವನ್ನೇ ಬಿಗಿಯುತ್ತದೆ. ಗುಂಡಿ ಅಗಲವಾಗಿರಲಿ, ಆಳ ಬೇರಿನ ಮುದ್ದೆಯಷ್ಟೇ ಸಾಕು. ಕಸಿ ಗಿಡವಾದರೆ ಕಸಿಯ ಗಂಟು, ಅಂದರೆ ಬೇರಿನ ಗಿಡಕ್ಕೆ ಮೇಲಿನ ಗಿಡವನ್ನು ಜೋಡಿಸಿದ ಜಾಗ, ಮಣ್ಣಿನಿಂದ ಮೇಲಿರಬೇಕು. ಗಂಟಿನ ಕೆಳಗೆ ಚಿಗುರು ಬಂದರೆ ಆಗಲೇ ಚಿವುಟಿ, ಇಲ್ಲದಿದ್ದರೆ ಬೇರಿನ ಜಾತಿಯೇ ಮೇಲುಗೈ ಪಡೆಯುತ್ತದೆ. ಬುಡದ ಸುತ್ತ 2-3 ಇಂಚು ಎಲೆ ಹೊದಿಸಿ, ಆದರೆ ಕಾಂಡಕ್ಕೆ ತಾಗಿಸಬೇಡಿ. ದಿನಾ ಚಿಮುಕಿಸುವುದಕ್ಕಿಂತ ಮೇಲ್ಮಣ್ಣು ಒಣಗಲು ಬಿಟ್ಟು ಆಳಕ್ಕೆ ಇಳಿಯುವಂತೆ ನೀರು ಕೊಟ್ಟರೆ ಬೇರು ಕೆಳಗೆ ಹೋಗುತ್ತದೆ.

ಗಿಡಗಳ ನಡುವೆ ಜಾಗ ಖಾಲಿ ಕಾಣುತ್ತದೆ ಅಲ್ವಾ? ಅಲ್ಲಿ ಅಲಸಂದೆ, ಸೊಪ್ಪು ಬೆಳೆಯಿರಿ. ಇನ್ನೊಂದು ಮರ ಮಾತ್ರ ಬೇಡ.

ಕೆಲವು ವರ್ಷ ಕಳೆದ ಮೇಲೆ ತೋಟವೇ ಬದಲಾಗುತ್ತದೆ. ನನಗೆ ತುಂಬಾ ಇಷ್ಟವಾದ ಹಂತ ಇದು. ನಮ್ಮ ಸೀಬೆ ಹರಡಿಕೊಂಡ ಮೇಲೆ ಪಕ್ಕದ ಗುಲಾಬಿಯಲ್ಲಿ ಹೂ ಕಡಿಮೆಯಾಯಿತು. ಕೊರತೆ ಗೊಬ್ಬರದ್ದಲ್ಲ, ಬಿಸಿಲಿನದು. ಗುಲಾಬಿಯನ್ನು ಬಿಸಿಲಿಗೆ ಒಯ್ದೆ, ಮರದಡಿ ಅರಿಶಿನ ಹಾಕಿದೆ. ಎರಡೂ ಹಸಿರಾಗಿವೆ.

ದಾಸವಾಳದ ಹೂ ಹೊಸ ಚಿಗುರಿನಲ್ಲೇ ಬರುವುದರಿಂದ ವರ್ಷಕ್ಕೊಮ್ಮೆ ಸವರಿ. ಮಲ್ಲಿಗೆಯನ್ನು ಹೂ ಮುಗಿದ ಮೇಲೆ ಸವರಬೇಕು. ಸುಗಂಧರಾಜದ ಗುಂಪು ದಟ್ಟವಾಗಿ ಹೂ ಕಡಿಮೆಯಾದರೆ, ಪೂರ್ತಿ ಅಗೆದು ಗೆಡ್ಡೆ ಬಿಡಿಸಿ, ದಪ್ಪವಿರುವುದನ್ನು ಆರಿಸಿ ಮತ್ತೆ ನೆಡಿ. ಎಲ್ಲವನ್ನೂ ಒಂದೇ ಪಾತಿಗೆ ಹಾಕಬೇಡಿ. ಒಂದು ಕಡೆ ಕೊಳೆತರೂ ಇನ್ನೊಂದು ಕಡೆ ತಳಿ ಉಳಿಯುತ್ತದೆ.